ಗಂಗಾಬಾಯಿ ಬಿಟ್ಟ ಒಂದು ಗೇಣು

ಎರಡು ವರ್ಷ ನಾನು ಗಂಗಾಬಾಯಿಯನ್ನು ಶಾಲೆಯ ಗೇಟಿನ ಆಚೆಗಷ್ಟೇ ನೋಡಿದ್ದೆ. ಬೆಳಗಿನ ಗಂಟೆ ಹೊಡೆಯಲು ಇನ್ನೂ ಮುಕ್ಕಾಲು ತಾಸು ಇರುವಾಗಲೇ ಮಗಳು ಶೈಲಾಳನ್ನು ಕರೆದುಕೊಂಡು ಬರುತ್ತಿದ್ದಳು. ಸೀರೆಯ ಮೇಲೆ ಗಂಡನ ಹಳೆಯ ಉದ್ದ ತೋಳಿನ ಅಂಗಿ, ತಲೆಗೆ ಟವೆಲ್ಲು, ಕೈಯಲ್ಲಿ ಬುತ್ತಿಯ ಚೀಲ. ಮಗಳ ಜಡೆ ಸರಿಮಾಡಿ, ಅವಳನ್ನು ಮೆಲ್ಲಗೆ ಒಳಗೆ ನೂಕಿ, ಅಲ್ಲಿಂದಲೇ ತಿರುಗಿ ಬಿರಬಿರನೆ ಹೋಗಿಬಿಡುತ್ತಿದ್ದಳು. ಅವಳ ಕಾಲು ಗೇಟಿನ ಕೆಳಗಿನ ಕಬ್ಬಿಣದ ಪಟ್ಟಿ ದಾಟಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಕೂಲಿಗೆ ಹೋಗುವ ಹೆಂಗಸು, ಅವಸರವಿರುತ್ತದೆ ಅಂದುಕೊಂಡಿದ್ದೆ. ಅದಕ್ಕಿಂತ ಹೆಚ್ಚು ಯೋಚಿಸಲು ನನಗೂ ಪುರುಸೊತ್ತು ಇರಲಿಲ್ಲ.

ನಮ್ಮದು ಲಿಂಗಂಪಲ್ಲಿ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಸಣ್ಣ ಕನ್ನಡ ಶಾಲೆ. ಯಾದಗಿರಿ, ಕಲಬುರಗಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳೇ ಹೆಚ್ಚು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ ಆಡುವ ಮಕ್ಕಳು. ನಾನು ಹರ್ಷದಾ, ಅವರಿಗೆ ಕನ್ನಡ ಕಲಿಸುವವಳು. ನಮ್ಮ ಮನೆತನ ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ನಾಲ್ಕು ತಲೆಮಾರಿನಿಂದ ಇದೆ. ಮುತ್ತಜ್ಜ ಕಂದಾಯ ಕಚೇರಿಯಲ್ಲಿದ್ದರು, ಅಜ್ಜ ಪೋಸ್ಟಿನಲ್ಲಿದ್ದರು, ಅಪ್ಪ ರೈಲ್ವೆಯಲ್ಲಿ ನಿವೃತ್ತರಾದರು. ಎಲ್ಲರೂ ಸುತ್ತೋಲೆ ಹೊರಡಿಸಿದವರು, ಇಲ್ಲವೇ ಬಂದ ಸುತ್ತೋಲೆಗೆ ಸಹಿ ಹಾಕಿದವರು. ಆ ರಕ್ತ ನನ್ನಲ್ಲೂ ಹರಿಯುತ್ತದೆ. ಏನಾದರೂ ಸರಿಹೋಗಬೇಕೆಂದರೆ ಒಂದು ನಿಯಮ ಮಾಡಿದರೆ ಸಾಕು ಅಂತ ನಾನು ಬಲವಾಗಿ ನಂಬಿದ್ದೆ. ಸಿಟ್ಟಂತೂ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ನನ್ನ ಮಕ್ಕಳು ನಿಮಗೆ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಪ್ರತಿ ಫೆಬ್ರವರಿಯಲ್ಲಿ ನಮ್ಮ ಶಾಲೆಯಲ್ಲಿ ಒಂದು ನಾಟಕವಾಗುತ್ತದೆ. ಅದರ ಗಾಡಿ ಎಳೆಯುವವಳು ನಾನೊಬ್ಬಳೇ. ತಂದೆತಾಯಿಯರಲ್ಲಿ ಬರುವವರು ನಾಟಕದ ದಿನ ಬಂದು, ಮೊಬೈಲ್ ಎತ್ತಿ ಹಿಡಿದು, ತಮ್ಮ ಮಗುವಿನ ಪಾತ್ರ ಮುಗಿದ ಕೂಡಲೇ ಎದ್ದು ಹೋಗುತ್ತಿದ್ದರು. ಉಳಿದವರು ಬರುತ್ತಲೇ ಇರಲಿಲ್ಲ. ಒಂದು ವರ್ಷ ಆನೆಯ ಸೊಂಡಿಲು ಹೊಲಿಯಲು ಒಬ್ಬ ತಾಯಿಯೂ ಸಿಗದೆ, ಪಿನ್ನು ಚುಚ್ಚಿ ಕೂರಿಸಿದ್ದ ಸೊಂಡಿಲು ಮಂತ್ರಿಯ ಕಾಲ ಮೇಲೆ ಬಿತ್ತು. ಮುಂದಿನ ವರ್ಷದ ಮೊದಲ ಮೀಟಿಂಗಿನಲ್ಲಿ ಹೆಡ್‌ಮಾಸ್ತರ್ ಕಾಶಿನಾಥ ಸರ್, "ಈ ಸಲ ತಂದಿತಾಯಿಗಳನ್ನ ಹೆಂಗರ ಮಾಡಿ ಒಳಗ ಕರಕೊಂಡು ಬರ್ರಿ" ಅಂದರು. ನಾನು ಅಂದೇ ಸಂಜೆ ಒಂದು ನೋಟೀಸು ಬರೆದೆ. ಪಾತ್ರವಿರುವ ಪ್ರತಿ ಮಗುವಿನ ಮನೆಯಿಂದ ಒಬ್ಬ ಹಿರಿಯರು ಶನಿವಾರದ ತಾಲೀಮಿಗೆ ಬಂದು ಕೈಲಾದ ಕೆಲಸ ಮಾಡತಕ್ಕದ್ದು, ಬಾರದಿದ್ದರೆ ಪಾತ್ರ ಬೇರೆಯವರಿಗೆ ಹೋಗತಕ್ಕದ್ದು. ಎರಡು ಸಲ 'ತಕ್ಕದ್ದು' ಬರೆದ ಮೇಲೆ ಮನಸ್ಸಿಗೆ ಎಷ್ಟೋ ಸಮಾಧಾನವಾಯಿತು.

ನೋಟೀಸು ಕೆಲಸ ಮಾಡಿತು, ಅದನ್ನು ಅಲ್ಲಗಳೆಯುವುದಿಲ್ಲ. ಮೊದಲ ಶನಿವಾರವೇ ಆಟೋ ಓಡಿಸುವ ಅಂಬಾದಾಸ ಬಂದು ರಟ್ಟಿನ ಕಿರೀಟಗಳನ್ನು ಕತ್ತರಿಸಿ, ಆಟೋಕ್ಕೆ ಅಂಟಿಸಿ ಉಳಿದಿದ್ದ ಬಂಗಾರದ ಬಣ್ಣದ ಸ್ಟಿಕ್ಕರ್ ಹಚ್ಚಿದ. ಮಂದಾರ ಎಂಬ ಹುಡುಗಿಯ ತಾಯಿ ಹೊಲಿಗೆ ಯಂತ್ರವನ್ನೇ ಹೊರಿಸಿಕೊಂಡು ಬಂದಳು. ಒಬ್ಬರ ನಂತರ ಒಬ್ಬರು ಬಂದರು. ನಾನು ಸ್ಟಾಫ್ ರೂಮಿನಲ್ಲಿ ಸಾಕಷ್ಟು ಬೀಗಿದೆ. ಬಾರದೇ ಉಳಿದದ್ದು ಒಂದೇ ಮನೆ, ಅದೂ ರಾಣಿಯ ಪಾತ್ರದ ಹುಡುಗಿಯ ಮನೆ.

ಆ ವರ್ಷದ ನಾಟಕವನ್ನು ಮಕ್ಕಳೇ ಕಟ್ಟಿದ್ದರು. ಒಬ್ಬ ರಾಣಿಗೆ ನಿದ್ದೆ ಬರುವುದಿಲ್ಲ. ನಿದ್ದೆ ಬರಿಸಿದವರಿಗೆ ಅರ್ಧ ರಾಜ್ಯ ಅಂತ ಡಂಗುರ ಸಾರುತ್ತಾರೆ. ವೈದ್ಯ ಬರುತ್ತಾನೆ, ಜ್ಯೋತಿಷಿ ಬರುತ್ತಾನೆ, ಜೋಗುಳ ಹಾಡುವವರು ಬರುತ್ತಾರೆ, ಯಾರಿಂದಲೂ ಆಗುವುದಿಲ್ಲ. ರಾಣಿಗೆ ಕೊನೆಗೆ ಹೇಗೆ ನಿದ್ದೆ ಬರಿಸಬೇಕು ಎನ್ನುವುದು ಮಾತ್ರ ಮಕ್ಕಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಏಳನೆಯ ತರಗತಿಯ ಶೈಲಾ ಒಂದು ಆಕಳಿಕೆ ತೆಗೆದಳೆಂದರೆ ಎದುರಿಗೆ ಕೂತ ನಾವೆಲ್ಲ ಆಕಳಿಸುತ್ತಿದ್ದೆವು. ಅವಳ ದನಿಯೂ ದೊಡ್ಡದು, ಅಂಗಳ ದಾಟಿ ರಸ್ತೆಯವರೆಗೆ ಕೇಳುತ್ತಿತ್ತು. ರಾಣಿಯ ಪಾತ್ರಕ್ಕೆ ಬೇರೆ ಯಾರನ್ನೂ ಯೋಚಿಸುವ ಹಾಗೇ ಇರಲಿಲ್ಲ.

ಎರಡನೆಯ ಶನಿವಾರವೂ ಅವಳ ತಾಯಿ ಬರಲಿಲ್ಲ. ತಂದೆ ಬೂದೆಪ್ಪ ಕುಷಾಯಿಗೂಡ ಕಡೆ ಸೆಂಟ್ರಿಂಗ್ ಕೆಲಸದಲ್ಲಿದ್ದು ಭಾನುವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ, ಅವನು ಬರುವ ಆಸೆಯಿರಲಿಲ್ಲ. ತಾಲೀಮು ಮುಗಿದ ಮೇಲೆ ಶೈಲಾಳನ್ನು ನಿಲ್ಲಿಸಿಕೊಂಡೆ.

"ನೋಟೀಸು ಓದಿ ಹೇಳಿದ್ಯೇನು ನಿಮ್ಮವ್ವಗ?"

"ಹೇಳೀನ್ರಿ ಟೀಚರ್."

"ಏನಂದ್ಲು?"

"ಅಲ್ಲಿ ನನ್ನ ಕೆಲಸೇನೈತಿ ಅಂದ್ಲ್ರಿ."

ಸಿಟ್ಟು ನೆತ್ತಿಗೇರಿತು. ಇಷ್ಟು ಜನ ಬರುತ್ತಾರೆ, ಈ ಮಹಾರಾಯಿತಿಗೆ ಮಗಳ ನಾಟಕವೇ ಕೆಲಸವಲ್ಲವೇ ಅನ್ನಿಸಿತು. "ಮುಂದಿನ ಶನಿವಾರ ಬರಲಿಲ್ಲಂದ್ರ ರಾಣಿ ಪಾತ್ರ ಮಂದಾರಗ ಹೋಗ್ತದ, ತಿಳೀತಿಲ್ಲೋ?" ಅಂದೆ.

ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ತಲೆಯ ಮೇಲಿನ ಕಿರೀಟ ತೆಗೆದು ನನ್ನ ಕೈಗೇ ಕೊಟ್ಟಳು.

"ಈಗ ತಗೋರ್ರಿ ಟೀಚರ್. ನಮ್ಮವ್ವ ಬರಂಗಿಲ್ಲ. ಒಂದ ಸಲ ಒಳಗ ಬಂದು ಕುರ್ಚಿ ಮ್ಯಾಲ ಕುಂತು ನನ್ನ ನಾಟಕ ನೋಡು ಅಂತ ಹೋದ ವರ್ಷಾನೂ ಕಾಲ ಹಿಡಕೊಂಡೀನ್ರಿ. ಆಕಿ ಬರಂಗಿಲ್ರಿ."

ಆ ಕಿರೀಟವನ್ನು ನಾನು ಮಂದಾರಳ ತಲೆಗೆ ಇಡಲಿಲ್ಲ. ಚೀಲಕ್ಕೆ ಹಾಕಿಕೊಂಡು ಕಾಚಿಗೂಡಕ್ಕೆ ಹೋಗುವ ಲೋಕಲ್ ರೈಲು ಹತ್ತಿದೆ. ದಾರಿಯುದ್ದಕ್ಕೂ ಅದರ ಚೂಪು ತುದಿ ಚೀಲದೊಳಗಿಂದ ನನ್ನ ಪಕ್ಕೆಗೆ ಚುಚ್ಚುತ್ತಿತ್ತು. ಹನ್ನೆರಡು ವರ್ಷದ ಹುಡುಗಿ ಕೇಳುತ್ತಿದ್ದದ್ದು ಪಾತ್ರವನ್ನಲ್ಲ, ಒಂದು ಕುರ್ಚಿಯ ಮೇಲೆ ತಾಯಿಯನ್ನು. ನನಗೆ ನನ್ನ ಮೇಲೆಯೇ ಬೇಸರವಾಯಿತು. ಆದರೆ ಆ ಬೇಸರವನ್ನೂ ತಾಯಿಯ ತಲೆಗೇ ಕಟ್ಟಿ, ಸೋಮವಾರ ಹೋಗಿ ಎರಡು ಮಾತು ಆಡಿಯೇ ಬರುತ್ತೇನೆ ಅಂತ ತೀರ್ಮಾನಿಸಿದೆ.

ಸೋಮವಾರ ಒಂದು ರೈಲು ಮೊದಲೇ ಹೊರಟು, ಗಂಗಾಬಾಯಿ ನಿಲ್ಲುವ ಅಡ್ಡಾಕ್ಕೆ ಹೋದೆ. ಅಡ್ಡಾ ಎಂದರೆ ಕೂಲಿಯವರು ಬೆಳಿಗ್ಗೆ ಬಂದು ನಿಲ್ಲುವ ಚೌಕ. ಕೆಲಸ ಕೊಡುವವರು ಅಲ್ಲಿಗೇ ಬಂದು ಬೇಕಾದವರನ್ನು ಕರೆದುಕೊಂಡು ಹೋಗುತ್ತಾರೆ. ನಾನು ಆಟೋದಿಂದ ಇಳಿದದ್ದೇ ತಡ, ಇಪ್ಪತ್ತು ಜನ ಮುತ್ತಿಕೊಂಡರು. "ಕಿತ್ನೇ ಲೋಗಾಂ ಹೋನಾ ಮೇಡಂ?" ಎಷ್ಟು ಜನ ಬೇಕು, ಏನು ಕೆಲಸ, ಯಾವ ಕಡೆ ಅಂತ ಎಲ್ಲ ದಿಕ್ಕಿನಿಂದ ಪ್ರಶ್ನೆ. ನನ್ನ ಎರಡು ಮಾತು ಮರೆತೇಹೋದವು. "ಗಂಗಾಬಾಯಿ ಬೇಕು" ಅಂತಷ್ಟೇ ಅಂದೆ. ಜನ ಸರಿದು ದಾರಿ ಬಿಟ್ಟರು. ಆಕೆ ಬುತ್ತಿಯ ಚೀಲ ಹಿಡಿದು ಮುಂದೆ ಬಂದು, ನನ್ನನ್ನು ಗುರುತಿಸಿ, ಸೆರಗು ಸರಿಮಾಡಿಕೊಂಡಳು.

"ಶನಿವಾರ ಸಾಲಿಗೆ ಬರಬೇಕು ನೀ. ಕೆಲಸ ಅದ" ಅಂದೆ.

"ಕೆಲಸೈತ್ರಿ?" ಅಂದಳು. ಅವಳ ಮುಖ ಅರಳಿತು. "ಕೆಲಸ ಇದ್ರ ಬರ್ತೀನ್ರಿ ಅಕ್ಕೋರ. ಯಾವಾಗ ಬರ್ಲಿ?"

ಇಷ್ಟು ಸುಲಭವಿತ್ತೇ ಅಂತ ನಾನು ಹಿಗ್ಗಿ ಹೀರೇಕಾಯಿಯಾಗಿ ವಾಪಸಾದೆ.

ಶನಿವಾರ ಮಧ್ಯಾಹ್ನ ಗಂಗಾಬಾಯಿ ಗೇಟು ದಾಟಿ ಒಳಗೆ ಬಂದಳು. ಒಂದು ಕೈಯಲ್ಲಿ ಕಬ್ಬಿಣದ ಬುಟ್ಟಿ, ಇನ್ನೊಂದರಲ್ಲಿ ಯಾವನೋ ಮೇಸ್ತ್ರಿಯಿಂದ ಕಡ ತಂದ, ಸಿಮೆಂಟು ಬಳಿಯುವ ಕರಣಿ, ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬಿ. ತಾಲೀಮಿಗೆ ನಿಂತ ಮಕ್ಕಳು ಕಿಸಕ್ಕನೆ ನಕ್ಕರು. ಶೈಲಾ ಮುಖ ಕೆಳಗೆ ಹಾಕಿದಳು. ಗಂಗಾಬಾಯಿ ನೇರ ನನ್ನ ಹತ್ತಿರ ಬಂದು, "ಎಲ್ಲೈತ್ರಿ ಕೆಲಸ?" ಅಂದಳು.

ಅಡ್ಡಾಕ್ಕೆ ಬಂದು ಹೆಸರು ಹಿಡಿದು ಕರೆದವರು ಕೂಲಿಗೇ ಕರೆದದ್ದು. ಆ ಚೌಕದಲ್ಲಿ ಹದಿನೈದು ವರ್ಷ ನಿಂತವಳಿಗೆ ಬೇರೆ ಏನು ಹೊಳೆಯಬೇಕು? ನಾನು ತೊದಲುತ್ತ, ಹಾಗಲ್ಲ, ಕಿರೀಟಕ್ಕೆ ಕಾಗದ ಅಂಟಿಸುವುದು, ಮಕ್ಕಳಿಗೆ ಸೀರೆ ಉಡಿಸುವುದು, ಇಂಥದ್ದು ಅಂದೆ. "ಅದಕ್ಕ ನಾ ಯಾಕ್ರಿ, ಅವರದಾರಲ್ಲ" ಅಂತ ಹೊಲಿಗೆ ಯಂತ್ರದ ಕಡೆ ನೋಡಿ ತಿರುಗಿಯೇಬಿಟ್ಟಳು. ಹೋಗುತ್ತ ಹೋಗುತ್ತ ನಾಟಕದ ಕಟ್ಟೆಯ ಹತ್ತಿರ ನಿಂತಳು. ಅದರ ಮುಂದಿನ ಅಂಚು ಒಂದು ಮಾರಿನಷ್ಟು ಉದ್ದ ಒಡೆದುಹೋಗಿತ್ತು. ಮಕ್ಕಳು ಅಲ್ಲಿ ಎಡವುತ್ತಲೇ ಇದ್ದರು, ನಾವು ನೋಡುತ್ತಲೇ ಇದ್ದೆವು. ಗಂಗಾಬಾಯಿ ಬಾಗಿ ಅಂಗೈಯಿಂದ ಆ ಅಂಚನ್ನು ಸವರಿದಳು.

"ಇದು ಕೆಲಸ" ಅಂದು ಬುಟ್ಟಿ ಕೆಳಗಿಟ್ಟಳು.

ಕೂತು ಸಡಿಲಾದ ಸಿಮೆಂಟನ್ನು ಕೆರೆಯುತ್ತ ಒಂದೊಂದೇ ಮಾತು ಆಡಿದಳು. ಆ ಕಟ್ಟೆಯನ್ನೂ ನಮ್ಮ ಶಾಲೆಯ ಮೇಲಿನ ಅಂತಸ್ತನ್ನೂ ಕಟ್ಟುವಾಗ ಆಕೆ ಇಲ್ಲಿ ಕೂಲಿಯಾಗಿದ್ದಳಂತೆ. ಶೈಲಾ ಆಗ ಏಳು ತಿಂಗಳ ಕೂಸು. ಈಗ ಏಳನೆಯ ತರಗತಿ ನಡೆಯುವ ಕೋಣೆಗೆ ಆಗಿನ್ನೂ ಗೋಡೆಯಿರಲಿಲ್ಲ. ಎರಡು ಕಂಬಕ್ಕೆ ಹಳೆಯ ಸೀರೆ ಕಟ್ಟಿ, ಆ ಜೋಳಿಗೆಯಲ್ಲಿ ಕೂಸನ್ನು ಮಲಗಿಸಿ ಬುಟ್ಟಿ ಹೊತ್ತಳಂತೆ. ನಾನು ಮೇಲೆ ನೋಡಿದೆ. ಅದೇ ಕೋಣೆಯಲ್ಲಿ ನಾನು ದಿನಾ ಶೈಲಾಳ ಹಾಜರಿ ಕೂಗುತ್ತಿದ್ದೆ.

"ಮತ್ತ ಇಷ್ಟು ದಿನ ಒಳಗ ಬರ್ಲಿಕ್ಕೆ ಯಾಕ ಹೆದರ್ತಿದ್ದಿ?" ಅಂತ ಕೇಳಿದೆ.

"ಹೆದರಿಕಿ ಅಲ್ರಿ ಅಕ್ಕೋರ. ಕೆಲಸ ಮುಗಿದ ಮನಿಗಿ ನಾವು ಹೋಗಬಾರದ್ರಿ. ಕಟ್ಟೂತನಾ ಅಲ್ಲೇ ಅಡಗಿ ಮಾಡ್ತೀವಿ, ಅಲ್ಲೇ ಮಲಗ್ತೀವಿ. ಬಣ್ಣ ಹಚ್ಚಿದ ಮ್ಯಾಲ ಹೋದ್ರ ಯಾಕ ಬಂದಿ ಅಂತಾರ. ಏನರ ಕಳದ್ರ ನಮ್ಮ ಹೆಸರೇ ಬರ್ತೈತಿ."

ಹಿಂದೊಮ್ಮೆ, ಒಂದೂವರೆ ವರ್ಷ ದುಡಿದ ಅಪಾರ್ಟ್‌ಮೆಂಟಿಗೆ, ನಾನು ಬುಟ್ಟಿ ಹೊತ್ತು ಕಟ್ಟಿದ ಬಾಲ್ಕನಿ ನೋಡು ಅಂತ ಪುಟ್ಟ ಶೈಲಾಳನ್ನು ಕರೆದುಕೊಂಡು ಹೋಗಿದ್ದಳಂತೆ. ಅವಳ ಕೈಯ ರೊಟ್ಟಿ ತಿಂದಿದ್ದ ವಾಚ್‌ಮನ್ನನೇ ಅಡ್ಡ ನಿಂತು ಹಿಂದಕ್ಕೆ ಕಳಿಸಿದ. "ಅವಂದೇನ್ ತಪ್ಪಿಲ್ರಿ, ಅವನ ಕೆಲಸ ಅದು" ಅಂದಳು. ಅಂದಿನಿಂದ ಅವಳದೊಂದು ಕಟ್ಟಳೆ: ಕೆಲಸವಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಮಗಳನ್ನು ಶಾಲೆಗೆ ಸೇರಿಸುವಾಗಲೂ ಬೂದೆಪ್ಪನನ್ನೇ ಕಳಿಸಿದ್ದಳು. ಇದನ್ನೆಲ್ಲ ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ. ನಾನು ಚೀಲದಿಂದ ಕಿರೀಟ ತೆಗೆದು ಶೈಲಾಳ ತಲೆಯ ಮೇಲೆ ಇಟ್ಟು, ತಾಲೀಮು ಶುರುಮಾಡಿ ಅಂದೆ.

ಗಂಗಾಬಾಯಿ ಕೈಕೆಲಸ ಬಿಡದೆ ಪೂರ್ತಿ ತಾಲೀಮು ನೋಡಿದಳು. ವೈದ್ಯನೂ ಸೋತ, ಜ್ಯೋತಿಷಿಯೂ ಸೋತ. ಮುಂದೇನು ಅಂತ ಮಕ್ಕಳು ನನ್ನ ಮುಖ ನೋಡಿದರು. ಆಗ ಕಟ್ಟೆಯ ಕೆಳಗಿನಿಂದ ಅವಳ ದನಿ ಬಂತು.

"ಆ ರಾಣೀನ ಎರಡ ದಿನ ಸ್ಲ್ಯಾಬಿನ ಕೆಲಸಕ್ಕ ಕಳಸ್ರಿ. ಬುಟ್ಟಿ ಹೊತ್ತು ಬಂದ್ರ ರೊಟ್ಟಿ ಕೈಯಾಗ ಇರೂತನಾ ನಿದ್ದಿ ಬರ್ತೈತಿ."

ಅಂಗಳವೇ ನಕ್ಕಿತು. ಅಂಬಾದಾಸನಂತೂ ಕತ್ತರಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ. ನಮ್ಮ ನಾಟಕಕ್ಕೆ ಕೊನೆ ಸಿಕ್ಕಿತು. ಅರಮನೆಯ ಹಿಂದೆ ಹೊಸ ಗೋಡೆ ಏಳುತ್ತಿರುತ್ತದೆ. ಕೂಲಿಯ ಹೆಂಗಸೊಬ್ಬಳು ಬಂದು ರಾಣಿಯ ತಲೆಗೆ ಸಿಂಬಿ ಇಟ್ಟು ಬುಟ್ಟಿ ಹೊರಿಸುತ್ತಾಳೆ. ಸಂಜೆಗೆ ರಾಣಿ ಮಣ್ಣಿನ ನೆಲದ ಮೇಲೆಯೇ ಗೊರಕೆ ಹೊಡೆಯುತ್ತಾಳೆ. ಬುಟ್ಟಿ ಹೊರುವುದನ್ನು ಗಂಗಾಬಾಯಿಯೇ ಕಲಿಸಿದಳು. ಕುತ್ತಿಗೆ ಬಿಗಿ ಹಿಡೀಬಾರದು, ಕಣ್ಣು ಕಾಲಿನ ಕಡೆ ಹೋಗಬಾರದು, ಮುಂದಿನವಳ ಕೈ ತಾಕಿದ ಮೇಲೆಯೇ ಬುಟ್ಟಿ ಬಿಡಬೇಕು. ಮೊದಲು ನಕ್ಕಿದ್ದ ಮಕ್ಕಳೇ ಅವಳ ಹಿಂದೆ ಸಾಲಾಗಿ ನಿಂತು ಖಾಲಿ ಬುಟ್ಟಿ ಸಾಗಿಸಿದರು. ಶೈಲಾ ಅವತ್ತು ತಾಯಿಯ ಪಕ್ಕದಿಂದ ಕದಲಲಿಲ್ಲ.

ಅದಾದ ಮೇಲೆ ಇನ್ನೆರಡು ಶನಿವಾರ ಬಂದಳು. ಒಂದು ವಾರ ಒಡೆದ ಇಟ್ಟಿಗೆ ತೆಗೆದು ಬೇರೆ ಕೂರಿಸಿದಳು, ಮುಂದಿನ ವಾರ ಸಿಮೆಂಟಿನ ಗಿಲಾವು ಮಾಡಿದಳು. ಹದಿನೈದು ವರ್ಷ ಮೇಸ್ತ್ರಿಗಳಿಗೆ ಬುಟ್ಟಿ ಎತ್ತಿಕೊಟ್ಟವಳು ಕರಣಿ ಹಿಡಿದದ್ದು ಅದೇ ಮೊದಲಂತೆ. ಅಡ್ಡಾದಲ್ಲಿ ಹೆಂಗಸರ ಕೈಗೆ ಕರಣಿ ಯಾರು ಕೊಡುತ್ತಾರೆ? ಆದರೂ ಅಂಚು ನೇರವಾಗಿ ಬಂತು. ನಾನು ಕೂಲಿಯ ಮಾತೆತ್ತಿದಾಗ ಆಕೆ ನನ್ನನ್ನು ನೋಡಿದ ನೋಟಕ್ಕೆ ಮತ್ತೆ ಅದನ್ನು ಎತ್ತಲಿಲ್ಲ. ನನ್ನನ್ನು ಕಾಡಿದ್ದು ಇನ್ನೊಂದು. ಎರಡು ತಾಸಿನ ಕೆಲಸವನ್ನು ಆಕೆ ಮೂರು ಶನಿವಾರ ಎಳೆದಳು. ಅಷ್ಟಾಗಿಯೂ ಬಲಗಡೆ ಮೆಟ್ಟಿಲಿನ ಪಕ್ಕ ಒಂದು ಗೇಣು ಜಾಗ ಹಾಗೇ ಬಿಟ್ಟಳು.

"ಅದೊಂದು ಯಾಕ ಉಳಸೀದಿ?" ಅಂದೆ.

"ಅದು ನಾಟಕದ ದಿನ ಮಾಡ್ತೀನ್ರಿ."

"ನಾಟಕದ ದಿನ ಅತಿಥಿಗಳು ಬರ್ತಾರ, ಅವತ್ತು ಸಿಮೆಂಟ್ ಕಲಸಿಕೋತ ಕೂಡ್ತೀಯೇನು?"

"ಎಷ್ಟ ಹೊತ್ತಿನ ಕೆಲಸ್ರಿ ಅದು. ಬಂದು ಮಾಡ್ತೀನ್ರಿ" ಅಂದು ನಕ್ಕು ಹೋದಳು.

ಆ ನಗುವಿನ ಅರ್ಥ ಕೇಳುವ ತಾಳ್ಮೆ ನನಗಿರಬೇಕಿತ್ತು. ನನಗೋ ಅರ್ಧಕ್ಕೆ ಬಿಟ್ಟ ಕೆಲಸ ಕಂಡರೆ ಮೈ ಉರಿಯುತ್ತದೆ. ನಾಟಕದ ಹಿಂದಿನ ದಿನ, ಶುಕ್ರವಾರ, ನಮ್ಮ ಜವಾನ ಅಮರಯ್ಯನಿಗೆ ಹೇಳಿ ಆ ಒಂದು ಗೇಣನ್ನು ಮುಚ್ಚಿಸಿಬಿಟ್ಟೆ. ಕಟ್ಟೆ ನೋಡಿ ಮನಸ್ಸು ತಂಪಾಯಿತು.

ಶನಿವಾರ ನಾಲ್ಕು ಗಂಟೆಗೆ ನಾಟಕ. ಅಂಗಳದ ತುಂಬ ಕೆಂಪು ಪ್ಲಾಸ್ಟಿಕ್ ಕುರ್ಚಿ. ಮುಂದಿನ ಸಾಲಿನಲ್ಲಿ ಶೈಲಾ ತಾನೇ ಒಂದು ಕುರ್ಚಿ ಹಿಡಿದು, ಅದರ ಮೇಲೆ ತನ್ನ ಪಾಟಿಚೀಲ ಇಟ್ಟಿದ್ದಳು. ಮೂರೂವರೆಗೆ ಗಂಗಾಬಾಯಿ ಬಂದಳು. ಮೈಮೇಲೆ ಗಂಡನ ಅಂಗಿಯಿರಲಿಲ್ಲ; ಹಸಿರು ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಕೈಯಲ್ಲಿ ಕರಣಿ, ಬುಟ್ಟಿಯ ತಳದಲ್ಲಿ ಎರಡು ಬೊಗಸೆ ಕಲಸಿದ ಸಿಮೆಂಟು. ನಾನು ಅತಿಥಿಗಳಿಗೆ ಕೈಮುಗಿಯುತ್ತ ನಿಂತಿದ್ದೆ. ಆಕೆ ನೇರ ಬಲಗಡೆಯ ಮೆಟ್ಟಿಲಿಗೆ ಹೋಗಿ ಬಾಗಿದ್ದು, ಅಂಚನ್ನು ಅಂಗೈಯಿಂದ ಸವರಿದ್ದು ಕಂಡಿತು. ಪಕ್ಕದಲ್ಲಿದ್ದ ಅಮರಯ್ಯನಿಗೆ ಏನೋ ಕೇಳಿದಳು. ಆಮೇಲೆ ಎದ್ದು ಬುಟ್ಟಿ ಎತ್ತಿಕೊಂಡು ಗೇಟಿನ ಕಡೆ ನಡೆದಳು. ಕೈ ತೊಳೆಯಲು ಹೋದಳು ಅಂದುಕೊಂಡು ನಾನು ಮತ್ತೊಬ್ಬ ಅತಿಥಿಗೆ ಕೈಮುಗಿದೆ.

ಹತ್ತು ನಿಮಿಷ ಬಿಟ್ಟು ಪರದೆಯ ಹಿಂದೆ ಹೋದರೆ, ಶೈಲಾ ಪರದೆಯ ಸಂದಿನಿಂದ ಇಣುಕುತ್ತಿದ್ದಳು. ಕಿರೀಟ ಅವಳ ಕೈಯಲ್ಲಿತ್ತು.

"ಟೀಚರ್, ನಮ್ಮವ್ವ ಎಲ್ರಿ? ಕುರ್ಚಿ ಖಾಲಿ ಐತ್ರಿ."

ಅಮರಯ್ಯನನ್ನು ಕೇಳಿದೆ. "ಬಂದಿದ್ದಳ್ರಿ. ಇದು ಯಾರು ಮುಗಿಸಿದ್ರು ಅಂತ ಕೇಳಿದಳು. ನಾನೇ ಅಂದೆ. ಚಲೋ ಮಾಡೀರಿ ಅಂದು ಹೋದಳ್ರಿ" ಅಂದ.

ಆಗ ನನ್ನ ತಲೆಗೆ ಹತ್ತಿತು. ಎರಡು ತಾಸಿನ ಕೆಲಸ ಮೂರು ಶನಿವಾರ ಏಕಾಯಿತು, ಒಂದು ಗೇಣು ಏಕೆ ಉಳಿಯಿತು, ಎಲ್ಲ ಒಟ್ಟಿಗೆ ಹತ್ತಿತು. ನಾಟಕದ ದಿನ ಒಳಗೆ ಬರಲು ಆಕೆ ತನಗೊಂದು ಕೆಲಸ ಉಳಿಸಿಕೊಂಡಿದ್ದಳು. ನಾನು ಅದನ್ನು ಸಿಮೆಂಟು ಹಾಕಿ ಮುಚ್ಚಿದ್ದೆ. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

ಕಟ್ಟೆಯ ಪಕ್ಕದಲ್ಲೇ ಶಾಲೆಯ ಗಂಟೆ ತೂಗುಹಾಕಿದೆ, ರೈಲು ಕಂಬಿಯ ಒಂದು ತುಂಡು. ಅದನ್ನು ಬಾರಿಸುವ ಸುತ್ತಿಗೆ ಮೊಳೆಗೆ ಇತ್ತು. ಅದನ್ನು ಕಿತ್ತುಕೊಂಡು, ರೇಷ್ಮೆ ಸೀರೆಯಲ್ಲೇ ಮೆಟ್ಟಿಲ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಮರಯ್ಯನ ಗಿಲಾವನ್ನು ಹೊಡೆಯತೊಡಗಿದೆ. ಹಿಂದಿನ ದಿನದ ಸಿಮೆಂಟು, ಹೆಚ್ಚು ತಕರಾರು ಮಾಡಲಿಲ್ಲ. ಮುಂದಿನ ಸಾಲಿನ ಅತಿಥಿಗಳು ಕಾಲು ಹಿಂದಕ್ಕೆಳೆದುಕೊಂಡರು. ಕಾಶಿನಾಥ ಸರ್ ಓಡಿಬಂದರು.

"ಹರ್ಷದಾ ಅವರ, ಏನು ಮಾಡ್ಲಿಕ್ಕತ್ತೀರಿ?"

"ಕೆಲಸ ಬಾಕಿ ಅದ ಸರ್. ಐದು ನಿಮಿಷ ತಡೀರಿ" ಅಂದು ಸುತ್ತಿಗೆ ಹಿಡಿದೇ ಗೇಟಿಗೆ ಓಡಿದೆ.

ಗಂಗಾಬಾಯಿ ಮನೆಗೆ ಹೋಗಿರಲಿಲ್ಲ. ಗೇಟಿನ ಆಚೆ ಕಾಂಪೌಂಡಿನ ಗೋಡೆಗೆ ಬೆನ್ನು ಕೊಟ್ಟು, ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡು ಗಡಬಡಿಸಿ ಎದ್ದಳು.

"ಇಲ್ಲೇ ಕುಂತೀನ್ರಿ ಅಕ್ಕೋರ. ಶೈಲಾನ ದನಿ ದೊಡ್ಡದೈತಿ, ಇಲ್ಲಿತನಾ ಕೇಳಸ್ತೈತಿ. ಹೋದ ವರ್ಷಾನೂ ಇಲ್ಲೇ ಕುಂತು ಕೇಳೀನ್ರಿ."

ನನಗೆ ಅಳು ಬಂತು. ಅದುವರೆಗೆ ನಾನು ಅವಳನ್ನು ಬಾ, ಹೋಗು ಅಂತಲೇ ಮಾತಾಡಿಸಿದ್ದೆ. "ಗಂಗಾಬಾಯಿ, ಒಳಗ ಕೆಲಸ ಉಳದದ, ಬರ್ರಿ" ಅಂದೆ. ನನ್ನ ಕೈಯ ಸುತ್ತಿಗೆಯನ್ನು, ಸೀರೆಯ ಮೇಲಿನ ಸಿಮೆಂಟಿನ ಪುಡಿಯನ್ನು ನೋಡಿ, ಆಕೆ ಬುಟ್ಟಿ ಎತ್ತಿಕೊಂಡು ನನ್ನ ಹಿಂದೆ ಬಂದಳು.

ಮೆಟ್ಟಿಲ ಪಕ್ಕ ಬಾಗಿ ಒಡೆದ ಜಾಗವನ್ನು ಸವರಿ, ನನ್ನ ಕಡೆ ತಿರುಗಿದಳು.

"ಇದು ಬಿಟ್ಟದ್ದಲ್ರಿ. ಒಡದದ್ದೈತಿ."

"ಹೌದು. ನಾನೇ ಒಡದೆ."

"ಭಾಳ ಒಡದೀರಿ. ನಾ ಬಿಟ್ಟದ್ದು ಒಂದ ಗೇಣು. ಇದು ಒಂದೂವರಿ ಐತಿ" ಅಂದಳು. ಅವಳ ಕಣ್ಣು ತುಂಬಿತ್ತು, ಆದರೂ ನಗುತ್ತಿದ್ದಳು. ಕರಣಿ ತೆಗೆಯಲು ಹೋದವಳು, ಪರದೆಯ ಸಂದಿನಲ್ಲಿ ಮಗಳ ಮುಖ ಕಂಡು ಕೈ ತಡೆದಳು. "ಈಗ ಬ್ಯಾಡ್ರಿ. ನಾಟಕ ಮುಗೀಲಿ, ಆಮ್ಯಾಲ ಮಾಡ್ತೀನಿ."

ಶೈಲಾಳ ಪಾಟಿಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಆ ಕುರ್ಚಿಯಲ್ಲಿ ಕೂತಳು. ಕರಣಿ, ಬುಟ್ಟಿ ಕುರ್ಚಿಯ ಕೆಳಗೆ. ಒಂದು ಬೊಗಸೆ ಸಿಮೆಂಟು ಹಾಳಾದರೂ ಮೇಸ್ತ್ರಿಯ ಬೈಗುಳ ತಿಂದು ಬದುಕಿದವಳು, ಕಲಸಿದ ಮಾಲು ಗಟ್ಟಿಯಾಗುತ್ತದೆ ಅಂತ ನನಗಿಂತ ಚೆನ್ನಾಗಿ ಬಲ್ಲವಳು, ಒಂದೂಕಾಲು ತಾಸು ಕೆಳಗೆ ನೋಡಲಿಲ್ಲ. ರಾಣಿ ಬುಟ್ಟಿ ಹೊತ್ತು ಬಂದಾಗ ಎಲ್ಲರೂ ನಕ್ಕರು. ಆಕೆ ನಗಲಿಲ್ಲ, ತುಟಿ ಕಚ್ಚಿಕೊಂಡು ಮಗಳ ಕುತ್ತಿಗೆಯನ್ನೇ ನೋಡುತ್ತಿದ್ದಳು. ರಾಣಿ ಗೊರಕೆ ಹೊಡೆದ ಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆದಳು.

ನಾಟಕ ಮುಗಿದು ಜನ ಚದುರುವಾಗ ಬುಟ್ಟಿ ಹೊರಗೆಳೆದು ಬೆರಳಿನಿಂದ ಕುಟ್ಟಿ ನೋಡಿದಳು. ಸಿಮೆಂಟು ಕಲ್ಲಾಗಿತ್ತು. "ಇದು ಹೋತ್ರಿ ಅಕ್ಕೋರ. ಮುಂದಿನ ವರ್ಷ ಬಂದು ಮಾಡ್ತೀನಿ" ಅಂದಳು. "ಆಗಲಿ, ಅಲ್ಲೀತನಾ ಯಾರೂ ಮುಟ್ಟಂಗಿಲ್ಲ" ಅಂದೆ. ಅಮರಯ್ಯನಿಗೆ ತಾಕೀತು ಮಾಡಿದೆ, ಕಾಶಿನಾಥ ಸರ್‌ಗೂ ಹೇಳಿದೆ.

ಆಮೇಲೆ ನಾನು ಆ ನೋಟೀಸು ಬರೆಯಲಿಲ್ಲ. ಜನವರಿ ಬಂತೆಂದರೆ ಒಂದು ಬೆಳಿಗ್ಗೆ ಅಡ್ಡಾಕ್ಕೆ ಹೋಗುತ್ತೇನೆ. ಯಾರ ಮಗು ನಾಟಕದಲ್ಲಿದೆ, ನಿಮಗೆ ಏನು ಕೆಲಸ ಬರುತ್ತದೆ ಅಂತ ಕೇಳುತ್ತೇನೆ. ಬಿದಿರು ಕಟ್ಟುವವರು ಬರುತ್ತಾರೆ, ಬಣ್ಣ ಹಚ್ಚುವವರು ಬರುತ್ತಾರೆ. ನಾನು ಬೇಕೆಂದೇ ಪ್ರತಿಯೊಬ್ಬರಿಗೂ ಒಂದಿಷ್ಟು ಕೆಲಸವನ್ನು ನಾಟಕದ ದಿನಕ್ಕೆ ಉಳಿಸುತ್ತೇನೆ. ನಿಯಮ ಮಾಡುವ ಚಟ ಪೂರ್ತಿ ಹೋಗಿಲ್ಲ ಅನ್ನಿ.

ಶೈಲಾ ಹತ್ತನೆಯ ತರಗತಿ ಮುಗಿಸಿ ನಮ್ಮ ಶಾಲೆ ಬಿಟ್ಟು ಎರಡು ವರ್ಷವಾಗುತ್ತ ಬಂತು, ಈಗ ಇಂಟರ್, ಅಂದರೆ ನಿಮ್ಮ ಕಡೆಯ ಪಿಯುಸಿ, ಓದುತ್ತಿದ್ದಾಳೆ. ಕಟ್ಟೆಯ ಬಲಗಡೆ ಒಂದೂವರೆ ಗೇಣು ಇಟ್ಟಿಗೆ ಇನ್ನೂ ಕಾಣುತ್ತದೆ. ಹೊಸದಾಗಿ ಬಂದವರು, ಇದೊಂದು ಯಾಕೆ ಹೀಗೆ ಅಂತ ಕೇಳುತ್ತಲೇ ಇರುತ್ತಾರೆ. ಈ ಫೆಬ್ರವರಿಯಲ್ಲೂ ನಾಟಕ ಶುರುವಾಗುವ ಅರ್ಧ ತಾಸು ಮೊದಲು, ಹಸಿರು ಸೀರೆ ಉಟ್ಟು, ಕರಣಿ ಹಿಡಿದು ಗಂಗಾಬಾಯಿ ಗೇಟಿನಲ್ಲಿ ನಿಂತಿದ್ದಳು. ಅವಳ ಮನೆಯ ಮಗು ಯಾವುದೂ ಈಗ ಕಟ್ಟೆಯ ಮೇಲಿಲ್ಲ.

"ಅಕ್ಕೋರ, ನನ್ನ ಕೆಲಸ ಇನ್ನೂ ಐತಿಲ್ರಿ?" ಅಂದಳು.

"ಅದ ಗಂಗಾಬಾಯಿ" ಅಂದೆ. "ಬರ್ರಿ, ಕುರ್ಚಿ ಹಿಡದೀನಿ."